ಅಂಕಿತವಿಲ್ಲದ ನಾದ

ಜರ್ಮನಿಯ ಹ್ಯಾನೋವರ್ ನಗರಕ್ಕೂ ಭಾರತದ ಸಂಗೀತಕ್ಕೂ ಇರುವ ನಂಟು ನಮ್ಮಲ್ಲಿ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. 1902ರ ನವೆಂಬರ್ ತಿಂಗಳಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೊಠಡಿಯಲ್ಲಿ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯ ಕಂಠವನ್ನು ಮೇಣದ ಫಲಕದ ಮೇಲೆ ಮುದ್ರಿಸಿಕೊಂಡಾಗ, ಆ ಫಲಕಗಳಿಂದ ತಟ್ಟೆಗಳನ್ನು ಒತ್ತಿ ತೆಗೆಯತಕ್ಕ ಕಾರ್ಖಾನೆ ಇದ್ದುದು ಹ್ಯಾನೋವರಿನಲ್ಲಿ. ಹಾಡಿದವರಾರು, ಹಾಡಿದುದೇನು ಎಂಬುದರ ಅರಿವಿಲ್ಲದ ಅಲ್ಲಿಯ ಕೆಲಸಗಾರರು ತಟ್ಟೆಗೆ ತಪ್ಪು ಚೀಟಿಯನ್ನು ಅಂಟಿಸಿಯಾರೆಂಬ ಕಾರಣದಿಂದ, ಮೂರು ನಿಮಿಷಗಳ ಹಾಡು ಮುಗಿಯುತ್ತಿದ್ದಂತೆಯೇ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಎಂಬತ್ತು ವರ್ಷಗಳ ತರುವಾಯ, 1982ರ ಆಗಸ್ಟ್ 17ರಂದು, ಅದೇ ನಗರದ ಮಗ್ಗುಲಿನ ಲಾಂಗನ್‌ಹಾಗನ್ ಎಂಬಲ್ಲಿ, ಆ ಹಳೆಯ ಗ್ರಾಮಫೋನ್ ಉದ್ಯಮದ ವಂಶದಲ್ಲಿಯೇ ಬಂದ ಕಾರ್ಖಾನೆಯೊಂದರಿಂದ ಜಗತ್ತಿನ ಮೊದಲ ವಾಣಿಜ್ಯ ಸಿ.ಡಿ.ಗಳು ಹೊರಬಿದ್ದವು. ಅವುಗಳೊಳಗೆ ಸ್ವರವಿತ್ತು, ಹಾಡುಗಳ ಕ್ರಮಸಂಖ್ಯೆಯಿತ್ತು, ಕಾಲಾವಧಿಯಿತ್ತು. ಹಾಡಿದವರ ಹೆಸರು ಇರಲಿಲ್ಲ. ಹೆಸರೇನಿದ್ದರೂ ಹೊರಗಣ ಕಾಗದದ ಮೇಲೆ.

ಈ ಲೋಪವು ಆಗ ಯಾರಿಗೂ ಲೋಪವೆಂದು ತೋರಲಿಲ್ಲ. ತಟ್ಟೆಯೂ ಅದರ ಹೊದಿಕೆಯೂ ಎಂದಾದರೂ ಅಗಲುವುವೆಂಬ ಶಂಕೆ ಯಾರ ಮನಸ್ಸಿಗೂ ಬಂದಿರಲಾರದು. ಆದರೆ ಮುಂದಿನ ಮೂರು ದಶಕಗಳಲ್ಲಿ, ಸ್ವರವು ತಟ್ಟೆಯನ್ನು ತೊರೆದು ಕಂಪ್ಯೂಟರಿಗೂ, ಅಲ್ಲಿಂದ ಬೆರಳಿನ ಉಗುರಿನಷ್ಟು ಚಿಕ್ಕದಾದ ಚಿಪ್ಪಿಗೂ, ಕಡೆಗೆ ಆಕಾರವೇ ಇಲ್ಲದ ಜಾಲಕ್ಕೂ ಸಂಚರಿಸಿದಾಗ, ಅದರ ಜೊತೆಗೆ ಹೋಗಬೇಕಾಗಿದ್ದ ಹೆಸರು ಹಿಂದೆಯೇ ಉಳಿದುಬಿಟ್ಟಿತು. ಇದು ಎಲ್ಲ ದೇಶಗಳಲ್ಲಿಯೂ ಅಷ್ಟಿಷ್ಟು ನಡೆದ ಸಂಗತಿಯೇ. ಆದರೂ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳ ಆಸುಪಾಸಿನ ಸೀಮೆಯಲ್ಲಿರುವ ತುರ್ವಿಹಾಳದಂಥ ಸಣ್ಣ ಪಟ್ಟಣವೊಂದರ ನೆಲೆಯಿಂದ ನೋಡಿದರೆ, ಮಹಾನಗರಗಳ ಸಂಗೀತಪ್ರಿಯರು ಬರೆದುಕೊಂಡಿರುವ ಇತಿಹಾಸದಲ್ಲಿ ಕಾಣದ ಕೆಲವು ಅಂಶಗಳು ಇಲ್ಲಿ ಸ್ಪಷ್ಟವಾಗುತ್ತವೆ. ಆದುದರಿಂದ ಆ ಸೀಮೆಯ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ.

ರಾಯಚೂರು ಜಿಲ್ಲೆಯ ನೆಲ ಹಾಡಿಗೆ ಹೊಸದಲ್ಲ. ವಿಜಯದಾಸರು ಹುಟ್ಟಿದುದು ಮಾನವಿ ಸೀಮೆಯ ಚೀಕಲಪರವಿಯಲ್ಲಿ; ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರದು ಅದೇ ಸೀಮೆಯ ಬ್ಯಾಗವಾಟ; ಗೋಪಾಲದಾಸರದು ಮೊಸರಕಲ್ಲು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಬಾಳಿದ ಈ ಮಹನೀಯರ ಪದಗಳು ತಾಳೆಗರಿಗಿಂತ ಹೆಚ್ಚಾಗಿ ಕಂಠದಿಂದ ಕಂಠಕ್ಕೆ ಹರಿದು ಬಂದವು. ಹಾಗೆ ಹರಿಯುವ ಪದಕ್ಕೆ ಹೊದಿಕೆಯಿಲ್ಲ, ಚೀಟಿಯಿಲ್ಲ. ಆದರೂ ಇಂದಿಗೂ ಒಂದು ಪದವನ್ನು ಕೇಳಿದೊಡನೆ ಇದು ಇಂಥವರದು ಎಂದು ಹೇಳುವುದು ಸಾಧ್ಯವಾಗಿರುವುದಕ್ಕೆ ಕಾರಣ, ಕರ್ತೃವು ಕಡೆಯ ನುಡಿಯಲ್ಲಿ ನೆಯ್ದಿಟ್ಟ ಅಂಕಿತ. ವಿಜಯವಿಠ್ಠಲ, ಗೋಪಾಲವಿಠ್ಠಲ, ಜಗನ್ನಾಥವಿಠ್ಠಲ ಎಂಬ ಮುದ್ರಿಕೆಯನ್ನು ಕಿತ್ತರೆ ಪದದ ಛಂದಸ್ಸೇ ಮುರಿಯುತ್ತದೆ. ತತ್ವಪದಕಾರರೂ ಇದೇ ಪದ್ಧತಿಯನ್ನು ಹಿಡಿದರು. ಹೆಸರನ್ನು ಹೊರಗೆ ಅಂಟಿಸದೆ ನಾದದೊಳಗೇ ಹುದುಗಿಸುವ ಈ ಉಪಾಯವನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರೆಂಬುದನ್ನು ಮುಂದಿನ ಕಥೆಯ ಉದ್ದಕ್ಕೂ ನೆನಪಿನಲ್ಲಿ ಇಟ್ಟುಕೊಳ್ಳುವುದು ಉಚಿತ.

ಯಂತ್ರದ ಸಂಗೀತ ಈ ಸೀಮೆಗೆ ತಡವಾಗಿ ಬಂದಿತು. 1933ರಲ್ಲಿ ಗದುಗಿನ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯನ್ನು ಕೇಳಿದ ಹನ್ನೊಂದರ ಬಾಲಕನೊಬ್ಬನು ಗುರುವನ್ನರಸಿ ಮನೆಬಿಟ್ಟು ಹೋದುದನ್ನೂ, ಆ ಬಾಲಕನೇ ಮುಂದೆ ಭೀಮಸೇನ ಜೋಶಿಯವರಾಗಿ ಪ್ರಸಿದ್ಧನಾದುದನ್ನೂ ಕನ್ನಡಿಗರೆಲ್ಲ ಬಲ್ಲರು. ಆ ಕಾಲಕ್ಕೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನ ಒಳನಾಡಿನಲ್ಲಿ ಗ್ರಾಮಫೋನ್ ಇದ್ದ ಮನೆಗಳು ವಿರಳವಾಗಿದ್ದುವು. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿಯೂ, 1966ರಲ್ಲಿ ಗುಲ್ಬರ್ಗದ ನಿಲಯವೂ ಆರಂಭವಾದ ಮೇಲೆ ಕನ್ನಡದ ಹಾಡು ಈ ಕಡೆಯ ಹಳ್ಳಿಗಳಿಗೆ ಗಾಳಿಯಲ್ಲಿ ತೇಲಿ ಬರಲಾರಂಭಿಸಿತು. ರೇಡಿಯೋದ ಒಂದು ಶಿಷ್ಟಾಚಾರ ಇಲ್ಲಿ ಉಲ್ಲೇಖಾರ್ಹವಾದುದು: ಹಾಡಿಗೆ ಮೊದಲು ಅಥವಾ ಹಾಡಿನ ತರುವಾಯ ಉದ್ಘೋಷಕರು ರಚನೆಕಾರರ, ಸಂಗೀತ ನಿರ್ದೇಶಕರ, ಗಾಯಕರ ಹೆಸರುಗಳನ್ನು ತಪ್ಪದೆ ಹೇಳುತ್ತಿದ್ದರು. ಅಕ್ಷರ ಬಾರದ ಶ್ರೋತೃವೂ ಹಾಡಿನೊಡನೆ ಮೂರು ಹೆಸರುಗಳನ್ನು ಕಲಿಯುತ್ತಿದ್ದನು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದುದು ಈ ಸೀಮೆಯ ಜೀವನವನ್ನೇ ಬದಲಿಸಿದ ಘಟನೆ. ಜೋಳ ಹತ್ತಿಗಳ ಎರೆನೆಲದಲ್ಲಿ ಭತ್ತ ಬೆಳೆಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಸಿಂಧನೂರು ಅಕ್ಕಿಯ ಗಿರಣಿಗಳ ಊರಾಯಿತು. ಭತ್ತದ ಹಣ ಕೈಗೆ ಬಂದ ಕುಟುಂಬಗಳು ಟ್ರ್ಯಾಕ್ಟರನ್ನು ಕೊಂಡಂತೆಯೇ ರೇಡಿಯೋವೂ ಟೇಪೂ ಒಂದೇ ಪೆಟ್ಟಿಗೆಯಲ್ಲಿದ್ದ ಟೂ-ಇನ್-ಒನ್ ಯಂತ್ರವನ್ನೂ ಕೊಂಡವು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಭಾರತದ ಹಳ್ಳಿಗಳನ್ನು ಮುಟ್ಟಿದುದು ಎಂಬತ್ತರ ದಶಕದಲ್ಲಿ. ಸೆಲ್ಲು ಹಾಕಿದರೂ ನಡೆಯುವ, ಕೆಳಗೆ ಬಿದ್ದರೂ ಸುಲಭವಾಗಿ ಕೆಡದ, ಬೇಕಾದ ಹಾಡನ್ನು ಬೇಕಾದಾಗ ತುಂಬಿಸಿಕೊಳ್ಳಲು ಒದಗುವ ಈ ಸಾಧನವು, ಕರೆಂಟು ಬಂದು ಹೋಗುತ್ತಿದ್ದ ಊರುಗಳಿಗೆ ಹೇಳಿ ಮಾಡಿಸಿದಂತಿತ್ತು.

ಕ್ಯಾಸೆಟ್ಟಿನ ಯುಗವು ಕನ್ನಡಕ್ಕೆ ಬಹುಮಟ್ಟಿಗೆ ಶುಭವನ್ನೇ ತಂದಿತು. 1978ರಲ್ಲಿ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಕೂಡಿಸಿದ ‘ನಿತ್ಯೋತ್ಸವ’ವು ಕ್ಯಾಸೆಟ್ಟಾಗಿ ಹೊರಬಂದು ಭಾವಗೀತೆಗೆ ಮನೆಮನೆಯ ಬಾಗಿಲನ್ನು ತೆರೆಯಿತು, 1987ರ ‘ಪ್ರೇಮಲೋಕ’ದಿಂದ ಹಂಸಲೇಖರ ಹಾಡುಗಳು ಲಹರಿಯ ಕ್ಯಾಸೆಟ್ಟುಗಳಲ್ಲಿ ಊರೂರಿನ ಟೇಪುಗಳನ್ನು ಆಕ್ರಮಿಸಿದವು, ವಿದ್ಯಾಭೂಷಣರ ಮತ್ತು ಭೀಮಸೇನ ಜೋಶಿಯವರ ಕಂಠಗಳಲ್ಲಿ, ಇದೇ ಜಿಲ್ಲೆಯ ದಾಸರ ಪದಗಳು ಹುಟ್ಟಿದ ನೆಲಕ್ಕೆ ಹೊಸ ವೇಷದಲ್ಲಿ ಮರಳಿ ಬಂದವು. ಅಂಗಡಿಗಳಲ್ಲಿ ಕನ್ನಡದ ಮಗ್ಗುಲಿಗೆ ಕ್ಯಾಂಪುಗಳ ತೆಲುಗು ಹಾಡುಗಳೂ, ಹಿಂದಿಯ ಹಾಡುಗಳೂ, ಉರ್ದುವಿನ ಕವ್ವಾಲಿಗಳೂ ಒಂದೇ ಅಟ್ಟಣೆಯಲ್ಲಿ ಕುಳಿತವು. ಚೀಟಿಯೊಂದರ ಮೇಲೆ ಹಾಡುಗಳ ಪಟ್ಟಿಯನ್ನು ಬರೆದುಕೊಟ್ಟು, ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋಗುವುದು ವಾಡಿಕೆಯಾಯಿತು. ಇದು ಕಾನೂನಿನ ಕಣ್ಣಿಗೆ ಚೌರ್ಯವೇ ಆದರೂ, ಪಟ್ಟಿಯನ್ನು ಬರೆದವನಿಗೆ ಹಾಡಿನ, ಚಿತ್ರದ, ಗಾಯಕನ ಹೆಸರು ತಿಳಿದಿರಲೇಬೇಕಾಗಿತ್ತೆಂಬುದನ್ನು ಮರೆಯಲಾಗದು. ಹೆಸರು ಹೇಳದೆ ಹಾಡು ದೊರೆಯುತ್ತಿರಲಿಲ್ಲ.

ಈಗ ಸಿ.ಡಿ.ಯ ಸ್ವರೂಪವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ಏಕೆಂದರೆ ಅದರ ಅವಸಾನದ ಬೀಜವು ಅದರ ಜನ್ಮದಲ್ಲಿಯೇ ಅಡಗಿತ್ತು. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ಕೂಡಿ ನಿಷ್ಕರ್ಷಿಸಿದ ನಿಯಮದಂತೆ, ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳ ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಮನುಷ್ಯನ ಕಿವಿಗೆ ನಿಲುಕುವ ಅತ್ಯುಚ್ಚ ಕಂಪನವು ಸೆಕೆಂಡಿಗೆ ಸುಮಾರು 20,000 ಆಗಿರುವುದರಿಂದಲೂ, ಒಂದು ಅಲೆಯನ್ನು ಸಂಖ್ಯೆಗಳಿಂದ ಮತ್ತೆ ಕಟ್ಟಬೇಕಾದರೆ ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಅಳತೆಗಳು ಬೇಕಾಗುವುದರಿಂದಲೂ, ಆ ಸಂಖ್ಯೆ ಸಾಕಾಗುವಂಥದಾಗಿತ್ತು. 120 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ಸುರುಳಿಯಾಗಿ ಸಾಗುವ ಅತಿಸೂಕ್ಷ್ಮವಾದ ಕುಳಿಗಳ ಮೇಲೆ ಲೇಸರ್ ಕಿರಣವು ಬಿದ್ದು ಪ್ರತಿಫಲಿಸುವಾಗ ಆಗುವ ವ್ಯತ್ಯಾಸವೇ ಆ ಸಂಖ್ಯೆಗಳ ಲಿಪಿ. ಮುಳ್ಳಿನ ಘರ್ಷಣೆಯಿಲ್ಲ, ಟೇಪಿನ ಸಿರ್ರೆಂಬ ಸದ್ದಿಲ್ಲ. ನೂರು ಸಲ ನುಡಿಸಿದರೂ ಸವೆತವಿಲ್ಲ. 1982ರ ಅಕ್ಟೋಬರ್ 1ರಂದು ಸೋನಿಯವರ ಮೊದಲ ಪ್ಲೇಯರು ಜಪಾನಿನ ಪೇಟೆಗೆ ಬಂದಾಗ ಅದರ ಬೆಲೆ 1,68,000 ಯೆನ್ ಆಗಿತ್ತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಸಿ.ಡಿ.ಯಿಂದ ‘ಡಿಜಿಟಲ್’ ಸಂಗೀತಕ್ಕೆ ಹೋದೆವೆಂದು ನಾವು ಆಡುವ ಮಾತು ಸಡಿಲವಾದುದು. ಸಿ.ಡಿ.ಯೇ ಡಿಜಿಟಲ್, ಸ್ವರವು ಸಂಖ್ಯೆಯಾದುದು 1982ರಲ್ಲಿಯೇ. ಮುಂದೆ ಆದುದು, ಆ ಸಂಖ್ಯೆಗಳು ತಮ್ಮನ್ನು ಹೊತ್ತಿದ್ದ ವಸ್ತುವನ್ನು ಬಿಟ್ಟು ಹೊರಟುದು. ಅವು ಹೊರಡದಂತೆ ಬೀಗ ಹಾಕುವ ಯೋಚನೆ ನಿಯಮವನ್ನು ರೂಪಿಸಿದವರಿಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ಒಂದು ಸಿ.ಡಿ.ಯಲ್ಲಿ ಅಡಗಿದ ಅಂಶಗಳು 650 ಮೆಗಾಬೈಟಿಗೂ ಹೆಚ್ಚು, 1983ರಲ್ಲಿ ಐ.ಬಿ.ಎಂ. ಕಂಪನಿ ತನ್ನ ಹೆಸರಾಂತ ಮೇಜುಗಂಪ್ಯೂಟರಿನಲ್ಲಿ ಕೊಟ್ಟ ಹಾರ್ಡ್ ಡಿಸ್ಕು 10 ಮೆಗಾಬೈಟ್. ಒಂದೇ ಒಂದು ತಟ್ಟೆಯನ್ನು ನಕಲು ಮಾಡಬೇಕಾದರೆ ಅಂಥ ಅರುವತ್ತೈದಕ್ಕೂ ಹೆಚ್ಚು ಯಂತ್ರಗಳನ್ನು ಮನೆಯಲ್ಲಿ ಸಾಲಾಗಿ ಇಡಬೇಕಾಗಿತ್ತು. ತನ್ನ ಗಾತ್ರವೇ ತನಗೆ ಕೋಟೆಯೆಂದು ಸಿ.ಡಿ. ನೆಚ್ಚಿಕೊಂಡಿತು, ಹದಿನೈದು ವರ್ಷಗಳಲ್ಲಿ ಆ ಕೋಟೆ ಎರಡು ಕಡೆಯಿಂದ ಬಿದ್ದಿತು.

ಒಂದು ಕಡೆ ಹಾರ್ಡ್ ಡಿಸ್ಕುಗಳು ದೊಡ್ಡವಾದವು. ಇನ್ನೊಂದು ಕಡೆ ಹಾಡುಗಳು ಚಿಕ್ಕವಾದವು. ಜರ್ಮನಿಯ ಅರ್ಲಾಂಗನ್ನಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡನ್‌ಬುರ್ಗ್ ಮೊದಲಾದವರು, ಗಟ್ಟಿಯಾದ ಒಂದು ಸ್ವರವು ತನ್ನ ಸಮೀಪದ ಕಂಪನಗಳಲ್ಲಿರುವ ಕ್ಷೀಣಸ್ವರಗಳನ್ನು ಕಿವಿಯಿಂದ ಮರೆಮಾಡುತ್ತದೆಂಬ ತತ್ತ್ವವನ್ನು ಹಿಡಿದು, ಕೇಳಿಸದುದನ್ನು ಬರೆಯುವುದೇಕೆಂದು ಅದನ್ನೆಲ್ಲ ಕೈಬಿಡುವ ಗಣಿತವನ್ನು ರಚಿಸಿದರು. ಸಿ.ಡಿ.ಯಲ್ಲಿ ಒಂದು ನಿಮಿಷಕ್ಕೆ ಸುಮಾರು ಹತ್ತು ಮೆಗಾಬೈಟ್ ಬೇಡುತ್ತಿದ್ದ ಸಂಗೀತವು ಈ ವಿಧಾನದಿಂದ ಒಂದು ಮೆಗಾಬೈಟಿನಲ್ಲಿ ಅಡಗಿತು. 1995ರ ಜುಲೈ 14ರಂದು ಇಂಥ ಕಡತಗಳಿಗೆ ಎಂಪಿ3 ಎಂಬ ಹೆಸರು ನಿಶ್ಚಯವಾಯಿತು. 1999ರಲ್ಲಿ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯು ಜಗತ್ತಿನ ಕಂಪ್ಯೂಟರುಗಳ ನಡುವೆ ಇವನ್ನು ಕೊಟ್ಟು ಕೊಳ್ಳುವ ದಾರಿಯನ್ನು ತೆರೆದು, ಎರಡು ವರ್ಷಗಳಲ್ಲಿ ನ್ಯಾಯಾಲಯದ ಆಜ್ಞೆಯಿಂದ ಮುಚ್ಚಿತು. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿಯ ಐಪಾಡ್ ಬಂದಿತು. ಪಾಶ್ಚಾತ್ಯ ಜಗತ್ತಿನಲ್ಲಿ ಸಿ.ಡಿ.ಯ ಪತನವೆಂದರೆ ಸಾಮಾನ್ಯವಾಗಿ ಈ ಮೂರು ಹೆಸರುಗಳ ಕಥೆ.

ತುರ್ವಿಹಾಳದ ಸೀಮೆಗೆ ಈ ಮೂರು ಹೆಸರುಗಳಲ್ಲಿ ಮೊದಲನೆಯದೊಂದೇ ಬಂದಿತು, ಅದೂ ಸಿ.ಡಿ.ಯ ಬೆನ್ನೇರಿ ಬಂದಿತೆಂಬುದು ಇಲ್ಲಿಯ ವೈಶಿಷ್ಟ್ಯ. ಶುದ್ಧ ಸಂಗೀತದ ಸಿ.ಡಿ.ಗೆ ಇಲ್ಲಿ ಎಂದೂ ಪಟ್ಟಾಭಿಷೇಕವಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಅದರ ಬೆಲೆ ಕ್ಯಾಸೆಟ್ಟಿನ ಬೆಲೆಯ ಹಲವು ಮಡಿಯಾಗಿತ್ತು. ಪ್ಲೇಯರು ಪಟ್ಟಣದ ಶ್ರೀಮಂತರ ಮನೆಯ ಅಲಂಕಾರವಾಗಿತ್ತು. ಸಾಮಾನ್ಯರ ಮನೆಗೆ ತಟ್ಟೆಯು ಪ್ರವೇಶಿಸಿದುದು ಸಿನಿಮಾದ ನೆಪದಿಂದ. 1993ರಲ್ಲಿ ರೂಪುಗೊಂಡ ವಿ.ಸಿ.ಡಿ. ಎಂಬ ಪ್ರಕಾರವು ಅದೇ ತಟ್ಟೆಯ ಮೇಲೆ ಚಲಚ್ಚಿತ್ರವನ್ನು ತುಂಬಿತು. ಒಂದು ಚಿತ್ರಕ್ಕೆ ಎರಡು ಮೂರು ತಟ್ಟೆಗಳು ಬೇಕಾದರೂ, ಅಗ್ಗದ ಚೀನೀ ಪ್ಲೇಯರುಗಳು ಪೇಟೆಗೆ ಬಂದ ಮೇಲೆ ಟಿ.ವಿ. ಇದ್ದ ಮನೆಯಲ್ಲೆಲ್ಲ ಅದೊಂದು ಬೇಕಾದ ಸಾಮಾನಾಯಿತು. ಟಿ.ವಿ.ಗಾಗಿ ಬಂದ ಆ ಪೆಟ್ಟಿಗೆಯೇ ಹಾಡಿನ ಸಿ.ಡಿ.ಯನ್ನೂ ನುಡಿಸುತ್ತಿತ್ತು, ಸ್ವಲ್ಪ ಕಾಲದಲ್ಲಿ ಎಂಪಿ3ಯನ್ನೂ ನುಡಿಸಲಾರಂಭಿಸಿತು.

ಎಂಪಿ3 ಸಿ.ಡಿ. ಎಂಬುದು ಇತಿಹಾಸದ ಒಂದು ವಿನೋದ. ಹತ್ತು ಹನ್ನೆರಡು ಹಾಡುಗಳಿದ್ದ ಜಾಗದಲ್ಲಿ ನೂರೈವತ್ತು ಹಾಡುಗಳು. ಎಪ್ಪತ್ತನಾಲ್ಕು ನಿಮಿಷಗಳ ತಟ್ಟೆಯಲ್ಲಿ ಹನ್ನೆರಡು ಗಂಟೆಗಳ ಸಂಗೀತ. ಡಾ. ರಾಜ್‌ಕುಮಾರರ ಹಾಡುಗಳು ನೂರು, ಎಸ್. ಜಾನಕಿಯವರವು ನೂರು, ದಾಸರ ಪದಗಳು ನೂರು ಎಂದು ಬಸ್‌ಸ್ಟ್ಯಾಂಡಿನ ತಳ್ಳುಗಾಡಿಗಳಲ್ಲಿಯೂ ಸಂತೆಯಲ್ಲಿಯೂ ರಾಶಿ ಹಾಕಿ ಮಾರಿದರು. ಕಂಪ್ಯೂಟರಿದ್ದ ಅಂಗಡಿಯಲ್ಲಿ ‘ಸಿ.ಡಿ. ಹೊಡೆಸಿಕೊಂಡು’ ಬರುವುದು, ಹಿಂದೆ ಕ್ಯಾಸೆಟ್ ತುಂಬಿಸಿಕೊಂಡು ಬರುತ್ತಿದ್ದುದಕ್ಕೆ ಉತ್ತರಾಧಿಕಾರಿಯಾಯಿತು. ಸಂಗೀತದ ನಿಷ್ಠೆಯನ್ನೇ ಪ್ರತಿಜ್ಞೆಯಾಗಿ ಹೊತ್ತು ಹುಟ್ಟಿದ ತಟ್ಟೆಯು, ಹೀಗೆ ತನ್ನ ವೈರಿಯನ್ನು ಊರೂರಿಗೆ ಹೊತ್ತು ತಿರುಗುವ ವಾಹನವಾಗಿ ತನ್ನ ಕಡೆಯ ದಿನಗಳನ್ನು ಕಳೆಯಿತು. ಅತಿಯಾಗಿ ಹಿಂಡಿದ ಕಡತಗಳಲ್ಲಿ ಭಜನೆಯ ತಾಳದ ಝಣತ್ಕಾರವು ಮಸುಕಾಗಿ ಸುಳಿಯುತ್ತಿತ್ತು, ತಂಬೂರಿಯ ಅನುರಣನವು ಬಡವಾಗಿತ್ತು; ಆದರೆ ಸವೆದ ಕ್ಯಾಸೆಟ್ಟಿನ ಶಬ್ದಕ್ಕೆ ಪಳಗಿದ ಕಿವಿಗೆ ಅದೂ ಅಭಿವೃದ್ಧಿಯಾಗಿಯೇ ತೋರಿತು.

ತಟ್ಟೆಗೆ ಈ ಸೀಮೆಯ ಹವೆಯೂ ಅನುಕೂಲವಾಗಿರಲಿಲ್ಲ. ಬೇಸಿಗೆಯ ತಾಪ 40 ಡಿಗ್ರಿಯನ್ನು ಮೀರುತ್ತದೆ. ಎರೆಮಣ್ಣಿನ ಸಣ್ಣ ಧೂಳು ಮುಚ್ಚಿದ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರವು 1985ರಿಂದ ನಾಡಿಗೆಲ್ಲ ಬೆಳಕು ಕೊಡುತ್ತಿದ್ದರೂ, ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಕರೆಂಟಿನ ಏರಿಳಿತ ತಪ್ಪಲಿಲ್ಲ. ರಿಪೇರಿಯವನ ಬಳಿಗೆ ಹೋದ ಪ್ಲೇಯರುಗಳಿಗೆಲ್ಲ ಒಂದೇ ರೋಗನಿದಾನ: ‘ಲೆನ್ಸ್ ಹೋಗ್ಯದ.’ ಅಲುಗಾಡುವ ಭಾಗವೊಂದೂ ಇಲ್ಲದ, ಕಿಸೆಯಲ್ಲಿ ಹಾಕಿಕೊಂಡು ಹೋಗಬಹುದಾದ ಸಾಧನವೊಂದು ದೊರೆತ ಕೂಡಲೇ ಜನರು ತಟ್ಟೆಯನ್ನು ತೊರೆದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಸಾಧನವು ಪೆನ್ ಡ್ರೈವ್, ಮತ್ತು ಜನರು ಚಿಪ್ಪೆಂದು ಕರೆದ ಮೆಮೊರಿ ಕಾರ್ಡು. 2005ರ ಸುಮಾರಿಗೆ ಹುಟ್ಟಿದ ಈ ಸೂಕ್ಷ್ಮವಾದ ಬಿಲ್ಲೆ, ದೊಡ್ಡ ಸ್ಪೀಕರುಗಳ ಅಗ್ಗದ ಚೀನೀ ಮೊಬೈಲುಗಳೊಡನೆ ಹಳ್ಳಿಗಳನ್ನು ಹೊಕ್ಕಿತು. ಐಎಂಇಐ ಸಂಖ್ಯೆಯಿಲ್ಲದ ಅಂಥ ಮೊಬೈಲುಗಳ ಕರೆಗಳನ್ನು ಸರಕಾರವು 2009ರ ನವೆಂಬರ್ ಅಂತ್ಯಕ್ಕೆ ನಿಲ್ಲಿಸಿತು. ಕರೆ ನಿಂತರೂ ಅವುಗಳ ಹಾಡು ನಿಲ್ಲಬೇಕಾದ ಕಾರಣವಿರಲಿಲ್ಲ. ಸಂತೆಯ ದಿನ ಮೊಬೈಲ್ ಅಂಗಡಿಯ ಮುಂದೆ ನಿಂತು ಹತ್ತಿಪ್ಪತ್ತು ರೂಪಾಯಿಗೆ ‘ಚಿಪ್ಪಿಗೆ ಹಾಡು ಹಾಕಿಸುವುದು’ ಹೊಸ ವಾಡಿಕೆಯಾಯಿತು. ಆದರೆ ಇದರಲ್ಲಿ ಒಂದು ಭೇದವಿತ್ತು. ಈಗ ಯಾರೂ ಪಟ್ಟಿಯನ್ನು ಬರೆದುಕೊಡುತ್ತಿರಲಿಲ್ಲ. ‘ಹೊಸಾ ಕನ್ನಡ ಹಾಕ್ರಿ, ಒಂದಿಷ್ಟು ಭಜನಿ ಪದ ಹಾಕ್ರಿ’ ಎಂದರೆ ಸಾಕು, ಅಂಗಡಿಯ ಹುಡುಗನು ತನ್ನ ಕಂಪ್ಯೂಟರಿನಲ್ಲಿದ್ದ ಇಡಿಯ ಕಡತಕೋಶವನ್ನೇ ಒಮ್ಮೆಲೇ ಸುರಿದುಕೊಡುತ್ತಿದ್ದನು. ಹೆಸರು ಹೇಳದೆ ಹಾಡು ದೊರೆಯುವ ಕಾಲ ಬಂದಿತು. ಯಾವ ಊರು ಯಾವ ಹಾಡನ್ನು ಕೇಳಬೇಕೆಂಬುದನ್ನು, ಯಾರೂ ನೇಮಿಸದ ಆ ಹುಡುಗನು ತನಗರಿವಿಲ್ಲದೆಯೇ ನಿರ್ಣಯಿಸತೊಡಗಿದನು.

2006ರ ಡಿಸೆಂಬರ್ 29ರಂದು ತೆರೆಕಂಡ ‘ಮುಂಗಾರು ಮಳೆ’ ಈ ಸಂಧಿಕಾಲದ ಶಿಖರ. ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿಯವರೇ ಮೊದಲಾದವರ ಸಾಹಿತ್ಯ; ಆ ಹಾಡುಗಳು ಕ್ಯಾಸೆಟ್ಟು, ಸಿ.ಡಿ., ಎಂಪಿ3, ಮೊಬೈಲಿನ ಕರೆಗಂಟೆ ಇವೆಲ್ಲದರಲ್ಲಿಯೂ ಏಕಕಾಲಕ್ಕೆ ಮೊಳಗಿದುವು. ಒಂದೇ ಮನೆಯಲ್ಲಿ ತಂದೆಯ ಟೇಪು, ಅಣ್ಣನ ಡಿ.ವಿ.ಡಿ. ಪ್ಲೇಯರು, ತಮ್ಮನ ಮೊಬೈಲು ಮೂರೂ ಒಂದೇ ಹಾಡನ್ನು ನುಡಿಸಿದ ಅಂಥ ಕಾಲ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಾರದು.

ಇದೇ ವರ್ಷಗಳಲ್ಲಿ ಉತ್ಕೃಷ್ಟ ಶ್ರವಣವನ್ನೇ ವ್ರತವನ್ನಾಗಿ ಮಾಡಿಕೊಂಡ ವಲಯಗಳಲ್ಲಿಯೂ ಸಿ.ಡಿ. ಪದಚ್ಯುತವಾಗುತ್ತಿತ್ತು. ಸಿ.ಡಿ. ಪ್ಲೇಯರೆಂದರೆ ವಾಸ್ತವವಾಗಿ ಎರಡು ಯಂತ್ರಗಳು: ತಟ್ಟೆಯಿಂದ ಸಂಖ್ಯೆಗಳನ್ನು ಓದುವುದೊಂದು, ಆ ಸಂಖ್ಯೆಗಳನ್ನು ಮರಳಿ ವಿದ್ಯುತ್ತಿನ ಅಲೆಯಾಗಿ ಪರಿವರ್ತಿಸುವುದು ಇನ್ನೊಂದು. ಸಂಖ್ಯೆಗಳು ಹಾರ್ಡ್ ಡಿಸ್ಕಿನಿಂದಲೇ ಬರಬಹುದಾದರೆ, ತಿರುಗುವ ತಟ್ಟೆಯೂ ನಡುಗುವ ಲೆನ್ಸೂ ಏಕೆ ಬೇಕು? 2001ರಲ್ಲಿ ಬಂದ ಫ್ಲಾಕ್ ಎಂಬ ಪ್ರಕಾರವು ಒಂದು ಬಿಟ್ಟನ್ನೂ ಕಳೆಯದೆ ಸಿ.ಡಿ.ಯನ್ನು ಸುಮಾರು ಅರ್ಧದಷ್ಟು ಜಾಗದಲ್ಲಿ ಮಡಿಸಿಡಬಲ್ಲದಾಗಿತ್ತು. ಸ್ಕಾಟ್ಲೆಂಡಿನ ಪ್ರತಿಷ್ಠಿತ ಲಿನ್ ಕಂಪನಿಯು 2009ರಲ್ಲಿ ತಾನು ಇನ್ನು ಸಿ.ಡಿ. ಪ್ಲೇಯರುಗಳನ್ನು ತಯಾರಿಸುವುದಿಲ್ಲವೆಂದು ಸಾರಿದುದು ಆ ವಲಯಕ್ಕೆ ಒಂದು ಯುಗಾಂತ್ಯದ ಡಂಗುರವಾಗಿತ್ತು. ಲಿನ್ ಕಂಪನಿಯ ಬೆಲೆಬಾಳುವ ಪೆಟ್ಟಿಗೆಯಲ್ಲಿ ನಡೆಯುವ ಕ್ರಿಯೆಯೂ, ತುರ್ವಿಹಾಳದ ಮನೆಯಲ್ಲಿ ಹಳೆಯ ಹೋಂ ಥಿಯೇಟರಿನ ಬೆನ್ನಿಗೆ ಮೊಬೈಲಿನಿಂದ ತಂತಿಯೊಂದನ್ನು ಚುಚ್ಚಿದಾಗ ನಡೆಯುವ ಕ್ರಿಯೆಯೂ ತತ್ತ್ವತಃ ಒಂದೇ. ಎರಡೂ ಕಡೆ ಪರಿವರ್ತಕವೂ ಸ್ಪೀಕರೂ ಉಳಿದವು, ತಟ್ಟೆ ಅಟ್ಟವನ್ನೇರಿತು.

2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗಿ, ಕೆಲವು ತಿಂಗಳು ಉಚಿತವಾಗಿಯೇ ದೊರೆತ ಮೇಲೆ, ಚಿಪ್ಪಿನ ಅಂಗಡಿಯೂ ಅನಾವಶ್ಯಕವಾಯಿತು. ಯೂಟ್ಯೂಬೇ ಹಳ್ಳಿಯ ಗ್ರಾಮಫೋನಾಯಿತು. ಸಾವನ್, ಗಾನಾ ಮೊದಲಾದ ಸೇವೆಗಳೂ, 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಕಾಲಿಟ್ಟ ಸ್ಪಾಟಿಫೈಯೂ, ತಿಂಗಳ ಬಾಡಿಗೆಗೆ ಕೋಟಿಗಟ್ಟಲೆ ಹಾಡುಗಳನ್ನು ಮುಂದಿಟ್ಟವು. ಅಂಗಡಿಯ ಹುಡುಗನ ಸ್ಥಾನದಲ್ಲಿ, ಮುಂದಿನ ಹಾಡು ಯಾವುದೆಂದು ಎಣಿಕೆಹಾಕುವ ಗಣಿತವು ಬಂದು ಕುಳಿತಿತು. ಅಕ್ಷರ ಬಾರದ ಅಜ್ಜಿಯೂ ಮೊಬೈಲಿಗೆ ಬಾಯಿಕೊಟ್ಟು ತನಗೆ ಬೇಕಾದ ಪದವನ್ನು ಕರೆಯಬಲ್ಲಳೆಂಬುದು ಈ ಯುಗದ ನಿಜವಾದ ಉಪಕಾರ. ಅದನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ.

ಇಷ್ಟು ದಾಟುವಿಕೆಗಳಲ್ಲಿ ಕಳೆದುದೇನು? ಶಬ್ದದ ಗುಣವೆಂದು ಕೆಲವರು ಹೇಳುತ್ತಾರೆ. ಆದರೆ ಅದು ಇಂದು ಬಹುಮಟ್ಟಿಗೆ ಮರಳಿ ದೊರೆತಿದೆ. ನಿಜವಾಗಿ ಕಳೆದುದು ಹೆಸರು. ಸಿ.ಡಿ.ಯಿಂದ ಹಾಡನ್ನು ಕಂಪ್ಯೂಟರಿಗೆ ಇಳಿಸುವಾಗ, ತಟ್ಟೆಯೊಳಗೆ ಹೆಸರಿಲ್ಲದ ಕಾರಣ, ಹಾಡುಗಳ ಅವಧಿಗಳನ್ನೇ ಗುರುತಾಗಿ ಹಿಡಿದು ಜಾಲದಲ್ಲಿದ್ದ ಸಿ.ಡಿ.ಡಿ.ಬಿ. ಎಂಬ ದಫ್ತರದಿಂದ ಹೆಸರುಗಳನ್ನು ತರಿಸುವ ಏರ್ಪಾಡು ತೊಂಬತ್ತರ ದಶಕದಲ್ಲಿಯೇ ಆಗಿತ್ತು. ಆ ದಫ್ತರವನ್ನು ತುಂಬಿದವರು ಬಳಕೆದಾರರೇ. ಇಂಗ್ಲಿಷ್ ಸಂಗೀತದ ಹೆಸರುಗಳು ಅಲ್ಲಿ ಹೇರಳವಾಗಿದ್ದುವು, ಕನ್ನಡದ ತಟ್ಟೆಗಳನ್ನು ನಮೂದಿಸಿದವರು ಅತ್ಯಲ್ಪ. ಅಂಥ ತಟ್ಟೆಯ ಹಾಡು ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂಬ ಅನಾಮಧೇಯವಾಗಿ ಹೊರಬಂದಿತು. ಎಂಪಿ3ಯ ಕೊನೆಯಲ್ಲಿ ಹೆಸರನ್ನು ಬರೆಯಲೆಂದು 1996ರಲ್ಲಿ ಸೇರಿಸಿದ ಚಿಕ್ಕ ಪಟ್ಟಿಯು ಹಾಡಿಗೆ 30 ಅಕ್ಷರ, ಗಾಯಕನಿಗೆ 30 ಅಕ್ಷರಗಳಷ್ಟೇ ಜಾಗವನ್ನು ಕೊಟ್ಟಿತು. ಅದರಲ್ಲಿ ಕನ್ನಡ ಲಿಪಿಗೆ ಎಡೆಯಿರಲಿಲ್ಲ, ಕವಿಗೆ ಒಂದು ಖಾನೆಯೂ ಇರಲಿಲ್ಲ. ಯೂನಿಕೋಡಿನ ಅನುಕೂಲ ಬರುವ ಹೊತ್ತಿಗೆ ಸಾವಿರಾರು ಕಡತಗಳು ಹೆಸರಿಲ್ಲದೆಯೇ, ಇಲ್ಲವೆ ಯಾರದೋ ಜಾಹೀರಾತನ್ನು ಹೆಸರಾಗಿ ಹೊತ್ತು, ಚಿಪ್ಪಿನಿಂದ ಚಿಪ್ಪಿಗೆ ಅಲೆದಾಡುತ್ತಿದ್ದುವು.

ಹೆಸರಿನ ಬೆಲೆಯನ್ನು ಈ ಸೀಮೆಗೆ ಬೇರೆಯವರು ಕಲಿಸಬೇಕಾಗಿಲ್ಲ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಹೇಳಿಕೊಳ್ಳುವ ರಾಜನೊಬ್ಬನ ಶಾಸನಗಳನ್ನು ದೇಶದ ತುಂಬ ಓದಿದ ವಿದ್ವಾಂಸರು, ಆತನು ಅಶೋಕನೇ ಆಗಿರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಕೆತ್ತಿದ್ದಿತಾಗಿ, ಆ ಊಹೆ ನಿಶ್ಚಯವಾಯಿತು. ಅನೇಕ ಬಂಡೆಗಳು ಮಾತನ್ನು ಉಳಿಸಿದ್ದುವು. ಮಾತಾಡಿದವನನ್ನು ಉಳಿಸಿದುದು ಮಸ್ಕಿ.

ದಾಸರ ಪದಕ್ಕೆ ಅಂಕಿತವಿದೆ. ಚಿಪ್ಪಿನಲ್ಲಿ ಎಷ್ಟು ಸಲ ನಕಲಾದರೂ ವಿಜಯದಾಸರು ಅಳಿಯುವುದಿಲ್ಲ. ಚಿತ್ರಗೀತೆಗೆ ಕಂಪನಿಯ ದಾಖಲೆಯಿದೆ. ಎರಡೂ ಇಲ್ಲದವರು ಈ ಸೀಮೆಯ ಭಜನಾ ಮಂಡಳಿಯವರು, ಬಯಲಾಟದ ಮೇಳದವರು, ಮೊಹರಮ್ಮಿನಲ್ಲಿ ಅಲಾಯಿ ಪದಗಳನ್ನು ಹೇಳುವವರು, ಗೀಗೀ ಮೇಳದ ಹೆಣ್ಣುಮಕ್ಕಳು. ಸಣ್ಣ ಸಣ್ಣ ಕಂಪನಿಗಳು ತೊಂಬತ್ತರಿಂದ ಇತ್ತ ಇವರನ್ನು ಕ್ಯಾಸೆಟ್ಟಿಗೂ ವಿ.ಸಿ.ಡಿ.ಗೂ ಹಾಡಿಸಿ, ಜಾತ್ರೆಯ ಅಂಗಡಿಗಳಲ್ಲಿ ಮಾರಿದವು. ಚಿಪ್ಪು ಬಂದೊಡನೆ ಆ ವ್ಯಾಪಾರ ನೆಲಕಚ್ಚಿತು. ಅಂಥ ಎಷ್ಟೋ ಮುದ್ರಣಗಳು ಬಾಡಿಗೆಯ ಸೇವೆಗಳ ಉಗ್ರಾಣವನ್ನು ಸೇರಲೇ ಇಲ್ಲ. ಇಂದು ಅವು ಉಳಿದಿದ್ದರೆ ಮನೆಯ ಅಟ್ಟದ ಮೇಲಿನ ತಟ್ಟೆಗಳಲ್ಲಿ, ಹೊದಿಕೆಯ ಬಣ್ಣಗೆಟ್ಟ ಕಾಗದದ ಮೇಲಿನ ನಾಲ್ಕು ಹೆಸರುಗಳಲ್ಲಿ. ಬರೆದ ಸಿ.ಡಿ.ಯ ಬಣ್ಣದ ಲೇಪವು ಉಷ್ಣಕ್ಕೂ ಬೆಳಕಿಗೂ ಕ್ರಮೇಣ ಸೋಲತಕ್ಕದ್ದು. ಅದಕ್ಕೆ ಈ ಬಿಸಿಲು ಸೀಮೆಯಲ್ಲಿ ದೀರ್ಘಾಯುಷ್ಯವನ್ನು ನಿರೀಕ್ಷಿಸಲಾಗದು.

ಮಾಡಬೇಕಾದ ಕೆಲಸವು ದೊಡ್ಡದಲ್ಲ, ಆದರೆ ತಡಮಾಡತಕ್ಕದ್ದೂ ಅಲ್ಲ. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆಯು ಗೌಹರ್ ಜಾನಳ ಕಾಲದ ತಟ್ಟೆಗಳನ್ನು ಹುಡುಕಿ, ಡಿಜಿಟಲ್ ಮಾಡಿ, ಹೆಸರು ವಿವರಗಳ ಸಹಿತ ಎಲ್ಲರಿಗೂ ಒದಗಿಸಿದೆ. 2016ರ ಜನವರಿ 26ರಿಂದ ಬೆಂಗಳೂರಿನಿಂದಲೇ ಹೊರಡುವ ಆಕಾಶವಾಣಿಯ ‘ರಾಗಂ’ ವಾಹಿನಿಯು ಹಳೆಯ ಧ್ವನಿಭಂಡಾರವನ್ನು ಮತ್ತೆ ಗಾಳಿಗೆ ಬಿಟ್ಟಿದೆ. ಶಾಸ್ತ್ರೀಯ ಸಂಗೀತಕ್ಕೆ ದೊರೆತ ಈ ಆರೈಕೆ ಜಾತ್ರೆಯ ವಿ.ಸಿ.ಡಿ.ಗೂ ದೊರೆಯಬೇಕು. ಇದಕ್ಕೆ ಬೇಕಾದುದು ಸಿ.ಡಿ. ಓದಬಲ್ಲ ಒಂದು ಹಳೆಯ ಕಂಪ್ಯೂಟರು, ಮತ್ತು ಆ ಮೇಳದಲ್ಲಿ ಹಾರ್ಮೋನಿಯಂ ಹಿಡಿದವರಾರು, ದಪ್ಪು ಬಾರಿಸಿದವರಾರು, ಪದ ಕಟ್ಟಿದವರಾರು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರ ಬಳಿಗೆ ಹೋಗಿ ಕೇಳಿ, ಕಡತದೊಳಗೇ ಕನ್ನಡದಲ್ಲಿ ಬರೆದಿಡುವ ತಾಳ್ಮೆ. 1980ರಲ್ಲಿ ಸಿ.ಡಿ.ಗೆ ಬೀಗ ಹಾಕಲು ಮರೆತವರ ಮರೆವಿನಿಂದ ಕಂಪನಿಗಳಿಗೆ ಆದ ನಷ್ಟದ ಲೆಕ್ಕವನ್ನು ಜಗತ್ತು ಬೇಕಾದಷ್ಟು ಸಲ ಹಾಕಿದೆ. ಬಾಗಿಲು ತೆರೆದೇ ಇರುವುದರಿಂದ ಆ ಹಾಡುಗಾರರನ್ನು ಇಂದೂ ಹೆಸರಿನ ಸಮೇತ ಈಚೆಗೆ ಕರೆತರಬಹುದೆಂಬ ಲಾಭದ ಲೆಕ್ಕವು ನಮ್ಮ ಪಾಲಿಗೆ ಉಳಿದಿದೆ, ಮತ್ತು ಅದನ್ನು ಹಾಕಬೇಕಾದವರು ರಾಯಚೂರು ಜಿಲ್ಲೆಯ ಶಾಲೆಗಳು, ಗ್ರಂಥಾಲಯಗಳು, ಭಜನಾ ಮಂಡಳಿಗಳೇ ಹೊರತು ದೂರದ ಯಾವ ಕಂಪನಿಯೂ ಅಲ್ಲ.